ಹೆಂಡತಿ ಕುಳಿತರೂ ಕುಗ್ಗದ ಶಾಕಪ್ಪುಗಳಿಗೆ

ಗಾಂಧಿನಗರ, ಬಳ್ಳಾರಿ
ಮಾರ್ಚ್ ೧೯೭೯

ಇವರಿಗೆ,
ಎಡಗಡೆಯ ಶಾಕಪ್ ಹಾಗೂ ಬಲಗಡೆಯ ಶಾಕಪ್ ಅವರು,
ಹಾಲಸಿದ್ದಪ್ಪನ ಮೋಟಾರ್ ಸೈಕಲ್ಲಿನ ಹಿಂಚಕ್ರದ ಇಕ್ಕೆಲ.

ವಿಷಯ: ತಾವು ಅತ್ಯುತ್ತಮವಾಗಿ ಕೆಲಸ ಮಾಡುತ್ತಿರುವ ಬಗ್ಗೆ ದೂರು.

ಮಾನ್ಯರೇ,

ಮೊದಲು ತಮ್ಮಿಬ್ಬರ ಪಾದಗಳಿಗೆ, ಅಂದರೆ ಕೆಳಗಿನ ಬೋಲ್ಟುಗಳಿಗೆ, ಈ ಬಡ ಸವಾರನ ಸಾಷ್ಟಾಂಗ ನಮಸ್ಕಾರಗಳು. ರೂಢಿಯಂತೆ ನಾವಿಲ್ಲಿ ಕ್ಷೇಮ, ತಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಬೇಕು ಎಂದು ಆರಂಭಿಸಬೇಕಿತ್ತು. ಆದರೆ ತಾವು ಕ್ಷೇಮವಾಗಿದ್ದೀರೆಂಬುದು ಬಳ್ಳಾರಿಯಿಂದ ಸಿರುಗುಪ್ಪದವರೆಗಿನ ಪ್ರತಿಯೊಂದು ತಗ್ಗಿಗೂ ಗೊತ್ತಿದೆ, ನಾನು ಕ್ಷೇಮವಾಗಿಲ್ಲವೆಂಬುದು ಬ್ರೂಸ್‌ಪೇಟೆಯ ಪ್ರತಿಯೊಂದು ಅಂಗಡಿಗೂ ಗೊತ್ತಿದೆ. ಮನೆಯ ಮಾತನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ವಿಳಾಸ ನನ್ನ ಸೀಟಿನ ಕೆಳಗೇ ಇದ್ದರೂ ಅಂಚೆಯವನು ಅಲ್ಲಿಯವರೆಗೆ ಬಗ್ಗಲು ಒಪ್ಪಲಿಲ್ಲವಾದ್ದರಿಂದ, ಇದರ ಒಂದು ಪ್ರತಿಯನ್ನು ಬ್ರೂಸ್‌ಪೇಟೆಯಲ್ಲಿರುವ ಮೆಕ್ಯಾನಿಕ್ ಓಬಳೇಶನ ಗ್ಯಾರೇಜಿನ ಗೋಡೆಗೆ ಅಂಟಿಸಲಿದ್ದೇನೆ, ಮುಂದಿನ ಸಲ ತಮಗೆ ಗ್ರೀಸು ಹಚ್ಚುವಾಗ ಗಟ್ಟಿಯಾಗಿ ಓದಿ ಹೇಳುವಂತೆ ಅವನಿಗೆ ತಾಕೀತು ಮಾಡಿದ್ದೇನೆ.

ನನ್ನ ಪರಿಚಯ ತಮಗೆ ಬೆನ್ನಿನ ಕಡೆಯಿಂದ ಮಾತ್ರ ಇರುವುದರಿಂದ ಎರಡು ಮಾತು ಹೇಳುತ್ತೇನೆ. ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಅಂಗಡಿಯ ತಕ್ಕಡಿ ನೋಡುವುದು, ತೂಕದ ಕಲ್ಲಿಗೆ ಮುದ್ರೆ ಒತ್ತುವುದು, ಸುಳ್ಳು ಕಲ್ಲನ್ನು ಜಪ್ತಿ ಮಾಡುವುದು ನನ್ನ ಕೆಲಸ. ಒಂದು ಕಿಲೋ ಕಲ್ಲಿನ ತಳವನ್ನು ಕೊರೆದು ಅರಗು ತುಂಬಿದ್ದರೆ, ತಕ್ಕಡಿ ತರಿಸದೆ, ಅಂಗೈಯಲ್ಲಿ ಇಟ್ಟುಕೊಂಡೇ ಹೇಳಬಲ್ಲೆ. ಇಂಥ ನಾನು ಒಬ್ಬ ಪೂರ್ಣ ಪ್ರಮಾಣದ ಹೆಂಡತಿಯ ತೂಕ ಬೆನ್ನ ಹಿಂದೆ ಇದೆಯೋ ಇಲ್ಲವೋ ತಿಳಿಯದೆ ಇಪ್ಪತ್ತು ಮೈಲಿಗೂ ಹೆಚ್ಚು ದೂರ ಹೋದೆನೆಂದರೆ, ಅದರ ಕೀರ್ತಿ ಸಂಪೂರ್ಣವಾಗಿ ತಮಗೆ ಸಲ್ಲಬೇಕು.

ತಮಗಿಂತ ಮೊದಲು ಅದೇ ಹುದ್ದೆಯಲ್ಲಿ ಹದಿನಾಲ್ಕು ವರ್ಷ ಸೇವೆ ಸಲ್ಲಿಸಿದ ಹಳೆಯ ಶಾಕಪ್ಪುಗಳ ವಿಷಯ ತಮಗೆ ತಿಳಿದಿರಲಾರದು. ಅವುಗಳ ಹೊಟ್ಟೆಯೊಳಗಿನ ಎಣ್ಣೆ ಯಾವ ಕಾಲಕ್ಕೋ ಸೋರಿಹೋಗಿ, ಸ್ಪ್ರಿಂಗು ಮಾತ್ರ ಮರ್ಯಾದೆಗೆಂದು ಉಳಿದಿತ್ತು. ನನ್ನ ಧರ್ಮಪತ್ನಿ ಚನ್ನವೀರಮ್ಮನವರು ಸೆರಗು ಸಿಕ್ಕಿಸಿ, ನಮ್ಮ ಕಡೆಯ ಹೆಣ್ಣುಮಕ್ಕಳಂತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಹಿಂದೆ ಕುಳಿತರೆಂದರೆ ಅವು 'ಕಿರ್ರ್' ಎಂದು ಮೂರು ಬೆರಳು ಕುಗ್ಗುತ್ತಿದ್ದವು. ಅವರು ಇಳಿದರೆ 'ಉಸ್' ಎಂದು ಮೇಲೇಳುತ್ತಿದ್ದವು. ಕಿರ್ರ್ ಎಂದರೆ ನಾನು ಹೊರಡಬೇಕು, ಉಸ್ ಎಂದರೆ ನಿಲ್ಲಬೇಕು. ನಮ್ಮ ಮನೆತನಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆಯಂದಿರು ಲೆಕ್ಕ ಹಾಕಿಟ್ಟಿದ್ದಾರೆ. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರನ್ನು ಮುಚ್ಚಿಟ್ಟು ಹೇಳಬೇಕು. ಇತ್ತ ನಾನಾದರೂ, ಹತ್ತು ವ್ಯಾಪಾರಿಗಳು ಕೈಮುಗಿಯುವ ಬಜಾರಿನಲ್ಲಿ ಹಿಂತಿರುಗಿ 'ಕುಂತ್ಯಾ?' ಎಂದು ಕೇಳುವ ಸ್ವಭಾವದವನಲ್ಲ. ಹೀಗಾಗಿ ಹದಿನಾಲ್ಕು ವರ್ಷ ಗಂಡಹೆಂಡಿರ ನಡುವಿನ ಮಾತುಕತೆಯನ್ನು ಆ ಎರಡು ಸ್ಪ್ರಿಂಗುಗಳೇ ನಡೆಸಿಕೊಂಡು ಬಂದವು. ನಮ್ಮಿಬ್ಬರಿಗೂ ಅದು ಸಂಸಾರವೆಂದೇ ಅನ್ನಿಸಿತ್ತು.

ಅಂಥ ಸೇವಕರನ್ನು ಏಕೆ ಬಿಡಿಸಿದಿರಿ ಎಂದು ತಾವು ಕೇಳಬಹುದು. ಕಳೆದ ದೀಪಾವಳಿಗೆ ಸಿರುಗುಪ್ಪದ ತವರುಮನೆಯ ಬಾಗಿಲಲ್ಲಿ ಇಳಿದ ಚನ್ನವೀರಮ್ಮನವರು ಸೊಂಟ ಹಿಡಿದುಕೊಂಡು, "ನನ್ನ ಬೆನ್ನೆಲುಬು ಕುರುಗೋಡದಾಗ ನಾಕು, ಈ ಕಡಿ ಐದು ಬಿದ್ದಾವ. ವಾಪಸ್ ಹೋಗೋವಾಗ ಆರಿಸ್ಕೊಂಡು ಹೋಗೂಣು" ಎಂದರು. ಅವರು ನಗುತ್ತಲೇ ಹೇಳಿದರು, ಆದರೆ ಆ ರಾತ್ರಿ ಊಟಕ್ಕೆ ನೆಲದ ಮೇಲೆ ಕೂರಲು ಅವರಿಗೆ ಆಗಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಹೆಂಡತಿಗಾಗಿ ನಾನು ಏನನ್ನೂ ಮಾಡಿದವನಲ್ಲ, ಮಾಡಬಾರದ್ದನ್ನು ಒಂದು ಮಾಡಿದ್ದೇನೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ. ಇದೊಂದನ್ನಾದರೂ ಮಾಡೋಣವೆಂದು ಓಬಳೇಶನ ಬಳಿ ಹೋದೆ.

ಓಬಳೇಶ ಗಾಡಿಯ ಹಿಂಭಾಗವನ್ನು ಎರಡು ಸಲ ಒತ್ತಿ ನೋಡಿ, "ಸಾಹೇಬ್ರ, ಗಾಡಿ ಮಾರಬ್ಯಾಡ್ರಿ, ಇದರ ಸೊಂಟ ಬದಲ್ ಮಾಡೂಣು" ಎಂದು, ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ತಮ್ಮಿಬ್ಬರನ್ನು ನನಗೆ ಪರಿಚಯಿಸಿದ. ತಾವು ಗಣಿ ಸಾಹೇಬರೊಬ್ಬರ ಭಾರಿ ಮೋಟಾರ್ ಸೈಕಲ್ಲಿನಲ್ಲಿದ್ದವರೆಂದೂ, ಆ ಗಾಡಿ ಹುಣಸೆಮರಕ್ಕೆ ಗುದ್ದಿ ಮುಂಭಾಗವೆಲ್ಲ ಮುದ್ದೆಯಾದರೂ ಹಿಂಭಾಗಕ್ಕೆ ಅಪಘಾತವಾದ ಸುದ್ದಿಯೇ ಮುಟ್ಟಲಿಲ್ಲವೆಂದೂ ಅವನು ಹೊಗಳಿದ. ಆ ಹೊಗಳಿಕೆಯಲ್ಲೇ ನನಗೆ ಎಚ್ಚರಿಕೆ ಇತ್ತು, ನಾನು ಗಮನಿಸಲಿಲ್ಲ. ತಮ್ಮ ಕೆಳಗಿನ ಕಣ್ಣು, ಅಂದರೆ ಬೋಲ್ಟು ತೂರುವ ತೂತು, ನನ್ನ ಗಾಡಿಯ ಬೋಲ್ಟಿಗಿಂತ ದೊಡ್ಡದಾಗಿದ್ದರಿಂದ ಲೇತಿನಲ್ಲಿ ಹಿತ್ತಾಳೆಯ ಬಳೆಯಂಥ ಬುಷ್ ತಿರುವಿಸಿ ಕೂರಿಸಿದ. ಉದ್ದದಲ್ಲಿ ತಾವು ಒಂದೂವರೆ ಇಂಚು ಹೆಚ್ಚಾಗಿದ್ದುದಕ್ಕೆ ಅವನ ಬಳಿ ಬುಷ್ ಇರಲಿಲ್ಲ. ಹೀಗಾಗಿ ನನ್ನ ಗಾಡಿ ಅಂದಿನಿಂದ ಹಿಂಭಾಗ ಎತ್ತಿ, ತಲೆ ತಗ್ಗಿಸಿ, ಹಾಯಲು ನಿಂತ ಟಗರಿನಂತೆ ಕಾಣುತ್ತದೆ. ಸ್ಟ್ಯಾಂಡು ನೆಲಕ್ಕೆ ಸರಿಯಾಗಿ ಎಟಕದು. ಅದರ ಕೆಳಗಿಡಲು ಓಬಳೇಶ ಒಂದು ಮರದ ತುಂಡು ಕೊಟ್ಟು, ಇದು ಅದೇ ಹುಣಸೆಮರದ್ದೆಂದು ಆಣೆ ಮಾಡಿದ. ನಾನು ನಂಬಿಲ್ಲ, ಆದರೂ ತುಂಡನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ.

ತಮ್ಮ ಕೆಲಸದ ಬಗ್ಗೆ ಹೇಳುವುದಾದರೆ ಹೊಗಳಿಕೆಗೆ ಮಾತು ಸಾಲದು. ಮೊದಲ ದಿನ ಮೋಕದವರೆಗೆ ಹೋಗಿ ಬಂದೆ. ದಾರಿಯಲ್ಲಿದ್ದ ತಗ್ಗುಗಳು ಎಲ್ಲಿ ಹೋದವೆಂದು ನಿಲ್ಲಿಸಿ ಹಿಂದಕ್ಕೆ ನೋಡಿದೆ. ಅವೆಲ್ಲ ಇದ್ದಲ್ಲೇ ಇದ್ದವು, ಪಾಪ, ಅವಮಾನದಿಂದ ಬಾಯಿ ತೆರೆದುಕೊಂಡು ಬಿದ್ದಿದ್ದವು. ಹ್ಯಾಂಡಲ್ಲಿಗೆ ತೂಗುಹಾಕಿದ ಮಜ್ಜಿಗೆ ಕ್ಯಾನು ಮಜ್ಜಿಗೆಯಾಗಿಯೇ ಮನೆಗೆ ಬಂತು. ಹಿಂದಾಗಿದ್ದರೆ ಬೆಣ್ಣೆ ತೇಲುತ್ತಿತ್ತು. ಚನ್ನವೀರಮ್ಮನವರು ಹತ್ತಲು ಎತ್ತರವಾಯಿತೆಂದು ಕಟ್ಟೆ ಹುಡುಕಿದರೂ, ಒಮ್ಮೆ ಕುಳಿತ ಮೇಲೆ, "ಗಾದಿ ಮ್ಯಾಲ ಕುಂತಂಗ ಐತ್ರಿ" ಎಂದರು. ಆ ಒಂದು ಮಾತಿಗೆ ನಾನು ಎರಡು ದಿನ ಉಬ್ಬಿಕೊಂಡು ಓಡಾಡಿದೆ. ಅವರು ಕುಳಿತಾಗ ತಾವು ಕುಗ್ಗಲಿಲ್ಲ, ಇಳಿದಾಗ ಉಸ್ಸೆನ್ನಲಿಲ್ಲ ಎಂಬುದು ಉಬ್ಬಿದವನಿಗೆ ತಿಳಿಯಲಿಲ್ಲ.

ಇನ್ನು ಆ ದಿನದ ವಿಷಯ. ಸಿರುಗುಪ್ಪದಲ್ಲಿ ನನ್ನ ಭಾವಮೈದುನನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಮಗುವಿನ ಸೊಂಟಕ್ಕೆಂದು ಬೆಳ್ಳಿಯ ಉಡದಾರವನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಬೆಳಿಗ್ಗೆ ಹೊರಟು, ಕುರುಗೋಡಿನ ಬಜಾರಿನಲ್ಲಿ ಮಿರ್ಚಿ ಮತ್ತು ಮಂಡಕ್ಕಿ ಒಗ್ಗರಣೆಗೆ ನಿಂತೆವು. ಹುಣಸೆಯ ತುಂಡನ್ನು ಅಂದು ಮನೆಯಲ್ಲೇ ಮರೆತಿದ್ದೆ. ತುಂಡಿಲ್ಲದೆ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ನಾನು ಗಾಡಿಯ ಮೇಲೆ ಕುಳಿತೇ, ಒಂದು ಕಾಲು ನೆಲಕ್ಕೂರಿ ಮಿರ್ಚಿ ತಿಂದೆ. ಚನ್ನವೀರಮ್ಮನವರು ಬೆಂಚಿನ ಮೇಲೆ ತಿಂದು, ಕೈ ತೊಳೆದು, ಬಂದು ಹಿಂದೆ ಕುಳಿತರು. ಕನ್ನಡಿಯಲ್ಲಿ ಅವರ ಸೆರಗು ಕಂಡಿತು. ನಾನು ಗಾಡಿ ಚಾಲೂ ಮಾಡಿದೆ. ಅಷ್ಟರಲ್ಲಿ ಅವರಿಗೆ ಉಡದಾರದ ಚೀಲ ಬೆಂಚಿನ ಮೇಲೆಯೇ ಉಳಿದದ್ದು ನೆನಪಾಗಿ, ಹದಿನಾಲ್ಕು ವರ್ಷದ ಅಭ್ಯಾಸದಂತೆ ಒಂದು ಮಾತೂ ಆಡದೆ ಇಳಿದರು. ಉಸ್ ಎಂದು ಗಾಡಿಯೇ ತನ್ನ ಯಜಮಾನನಿಗೆ ತಿಳಿಸುತ್ತದೆಂಬ ಧೈರ್ಯ ಅವರಿಗೆ. ಮಾನ್ಯರೇ, ತಾವು ಉಸಿರೆತ್ತಲಿಲ್ಲ. ಬಾಯಲ್ಲಿದ್ದ ಕೊನೆಯ ಮಿರ್ಚಿಯನ್ನು ನುಂಗಿ ನಾನು ಹೊರಟೆ.

ಆಮೇಲೆ ನಡೆದದ್ದನ್ನು ಮಿರ್ಚಿ ಕರಿಯುವ ದುರುಗಮ್ಮ ನನಗೆ ಹೇಳಿದ್ದು. ಚನ್ನವೀರಮ್ಮನವರು ಚೀಲ ಹಿಡಿದು ರಸ್ತೆಯ ನಡುವೆ ನಿಂತು, "ಏನ್ರೀ!" ಎಂದು ಕೂಗಿದರಂತೆ. ಬಜಾರಿನಲ್ಲಿದ್ದ ಗಂಡಂದಿರೆಲ್ಲ ಒಟ್ಟಿಗೆ ತಿರುಗಿದರಂತೆ. ಒಬ್ಬಾತ ಕೈಯಲ್ಲಿದ್ದ ತಟ್ಟೆ ಬಿಟ್ಟು ಮನೆಯ ಕಡೆ ಓಡಿದನಂತೆ. ತಿರುಗದ ಗಂಡ ನಾನೊಬ್ಬನೇ. "ಹೆಸರು ಹಿಡಿದು ಕರಿಯವ್ವಾ, ಇನ್ನೂ ದೂರ ಹೋಗಿಲ್ಲ" ಎಂದು ದುರುಗಮ್ಮ ಅವಸರಿಸಿದ್ದಕ್ಕೆ, ಬರಿದೇ ಹೆಸರು ಹೇಳಲು ಮನಸ್ಸು ಬಾರದ ಚನ್ನವೀರಮ್ಮನವರು ಅಲ್ಲೇ ಕಣ್ಣು ಮುಚ್ಚಿ ಒಡಪು ಕಟ್ಟತೊಡಗಿದರು. "ಬಿಸಿ ಎಣ್ಣ್ಯಾಗ ಬಿಟ್ಟಾರ ಮಿರ್ಚಿ ಕಡಲಿಹಿಟ್ಟಿನಾಗ ಅದ್ದಿಟ್ಟು, ಹಾಲಸಿದ್ದಪ್ಪನವರು ಹೊಂಟ್ರು ಸಿರುಗುಪ್ಪಕ್ಕ ನನ್ನ ಇಲ್ಲೇ ಬಿಟ್ಟು." ಬಜಾರಿನವರು ಭೇಷ್ ಎಂದು ಚಪ್ಪಾಳೆ ತಟ್ಟಿದರು. ಒಡಪು ಮುಗಿಯುವ ಹೊತ್ತಿಗೆ ನಾನು ಕಾಲುವೆ ದಾಟಿದ್ದೆ.

ಈಗ ನನ್ನ ದೂರಿನ ತಿರುಳಿಗೆ ಬರುತ್ತೇನೆ. ಹಳೆಯ ಶಾಕಪ್ಪುಗಳ ಕಾಲದಲ್ಲಿ ಗಾಡಿಯ ಮೇಲೆ ಮಾತಾಡಿದರೆ ನಾಲಿಗೆ ಹಲ್ಲಿಗೆ ಸಿಕ್ಕುತ್ತಿತ್ತು, ಆದ್ದರಿಂದ ಮಾತಾಡುತ್ತಿರಲಿಲ್ಲ. ತಮ್ಮ ದಯೆಯಿಂದ ಅಂದು ಮೊದಲ ಬಾರಿ ಹಲ್ಲು ಕಟಕಟಿಸದೆ ಸಿರುಗುಪ್ಪದ ದಾರಿ ಸಾಗುತ್ತಿತ್ತು. ಎರಡೂ ಬದಿ ಗದ್ದೆ, ತಂಪು ಗಾಳಿ. ನಾನು ಭತ್ತದ ಬಗ್ಗೆ ಮಾತಾಡಿದೆ, ಭಾವಮೈದುನನ ಜಿಪುಣತನದ ಬಗ್ಗೆ ಮಾತಾಡಿದೆ, ಹಿಂದಿನಿಂದ ವಿರೋಧ ಬರಲಿಲ್ಲ. ತವರಿನವರನ್ನು ಬೈದರೂ ಸುಮ್ಮನಿರುವ ಹೆಂಡತಿ ಹಿಂದೆ ಇರಲು ಸಾಧ್ಯವಿಲ್ಲವೆಂದು ಯಾವ ಗಂಡನಿಗಾದರೂ ಹೊಳೆಯಬೇಕಿತ್ತು. ನನಗೆ ಧೈರ್ಯ ಬಂತು. ಒಂಬತ್ತು ವರ್ಷದಿಂದ ಗಂಟಲಲ್ಲಿದ್ದುದನ್ನು ನಾನು ಹೇಳಿಬಿಟ್ಟೆ.

ಒಂಬತ್ತು ವರ್ಷದ ಹಿಂದೆ ಚನ್ನವೀರಮ್ಮನವರು ಪದ್ಮಾಬಾಯಿಯವರ ಟೈಪಿಂಗ್ ಶಾಲೆಯಲ್ಲಿ ಕಲಿತು ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದರು. ಸಿರುಗುಪ್ಪದ ಒಂದು ಕಚೇರಿಯಿಂದ ಟೈಪಿಸ್ಟ್ ಕೆಲಸದ ಸಂದರ್ಶನಕ್ಕೆ ಅವರ ಹೆಸರಿಗೆ ಕಾಗದ ಬಂತು. ಅಂಚೆಯವನು ಅದನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಕೋಟಿನ ಒಳಜೇಬಿನಲ್ಲಿಟ್ಟು, ತಾರೀಖು ಮುಗಿಯುವವರೆಗೆ ಅಲ್ಲೇ ಇಟ್ಟುಕೊಂಡು ತಿರುಗಿದೆ. ಬಸ್ಸಿನ ಅನುಕೂಲವಿಲ್ಲ, ತವರಿನಲ್ಲಿ ಎಷ್ಟು ದಿನ ಇರುತ್ತಾರೆ ಎಂದೆಲ್ಲ ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜ ಇಷ್ಟೆ: ಸಂಜೆ ಮನೆಗೆ ಬಂದಾಗ ಬಾಗಿಲಿಗೆ ಬೀಗ ಇರುತ್ತದೆಂಬ ಹೆದರಿಕೆ. ಅಂಚೆ ಬಂತೇ ಎಂದು ಅವರು ಹದಿನೈದು ದಿನ ಕೇಳಿದರು. ಇಲ್ಲವೆಂದು ಹದಿನೈದು ದಿನ ಹೇಳಿದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಊರವರ ಸುಳ್ಳು ಕಲ್ಲನ್ನು ಜಪ್ತಿ ಮಾಡುವವನು ನಾನು. ನನ್ನ ಜೇಬನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಯಾರೂ ಇರಲಿಲ್ಲ.

ಇದೆಲ್ಲವನ್ನೂ ಹೇಳಿ, "ತಪ್ಪಾತು ಚನ್ನವೀರಾ, ಹೊಟ್ಟ್ಯಾಗ ಹಾಕ್ಕೋ" ಎಂದೆ. ಹಿಂದಿನಿಂದ ಮಾತಿಲ್ಲ. ಆ ಮೌನವನ್ನು ನಾನು ಕ್ಷಮೆಯೆಂದು ತಿಳಿದೆ. ಕಣ್ಣಲ್ಲಿ ನೀರು ಬಂತು, ಧೂಳೆಂದು ಒರೆಸಿಕೊಂಡೆ. ಸಿರುಗುಪ್ಪದವರೆಗಿನ ಉಳಿದ ದಾರಿಯಷ್ಟು ಹಗುರವಾದ ದಾರಿಯನ್ನು ನಾನು ನನ್ನ ಜನ್ಮದಲ್ಲಿ ಸವಾರಿ ಮಾಡಿಲ್ಲ. ಗಾಡಿ ಹಗುರವಾಗಿದ್ದ ಕಾರಣ ಬೇರೆ ಇತ್ತೆಂಬುದು ತಮಗೆ ಗೊತ್ತಿದ್ದೂ ತಾವು ಸುಮ್ಮನಿದ್ದಿರಿ.

ಅತ್ತೆಯವರಾದ ಹೊನ್ನೂರಮ್ಮನವರು ಆರತಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಮತ್ತೆ ನನ್ನನ್ನು ನೋಡಿ, "ಅಳಿಯಂದಿರು ಬಂದ್ರಿ, ಛಲೋ ಆತು. ನನ್ನ ಮಗಳನ್ನ ಎಲ್ಲಿ ಇಳಿಸಿ ಬಂದ್ರಿ?" ಎಂದರು. ಆಗ ನಾನು ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ಹಿಂದಿನ ಸೀಟಿನತ್ತ ತಿರುಗಿ ನೋಡಿದೆ. ಸೀಟು ಬಿಸಿಲಿಗೆ ಹೊಳೆಯುತ್ತಿತ್ತು. ಕುರುಗೋಡಿಗೆ ಮರಳಿ ಓಡಿದೆ. ದಾರಿಯಲ್ಲಿ ಎದುರಿಗೆ ಬಂದ ಲಾರಿಯೊಂದರಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಚನ್ನವೀರಮ್ಮನವರು ಕುಳಿತಿದ್ದು, ನನ್ನನ್ನು ನೋಡಿ ಕೈಬೀಸಿದರೆಂದು ಆಮೇಲೆ ತಿಳಿಯಿತು. ನಾನು ರಸ್ತೆಯ ಬದಿಯಲ್ಲಿ ಬಿದ್ದಿದ್ದಾರೇನೋ ಎಂದು ಹುಡುಕುತ್ತಿದ್ದೆ, ಲಾರಿಯ ಮೇಲೆ ನೋಡಲಿಲ್ಲ. ದುರುಗಮ್ಮನಿಂದ ಒಡಪು ಕೇಳಿಸಿಕೊಂಡು ಪುನಃ ಸಿರುಗುಪ್ಪ ತಲುಪುವಾಗ ಮಗುವಿಗೆ ಹೆಸರಿಟ್ಟು ಸಜ್ಜಕ ಹಂಚಿ ಮುಗಿದಿತ್ತು. ಚನ್ನವೀರಮ್ಮನವರು ನನಗೆ ತಾಟು ಹಾಕಿ, ಬಡಿಸುತ್ತ, ಒಂದೇ ಮಾತು ಕೇಳಿದರು: "ದಾರ್ಯಾಗ ಒಬ್ಬರ ಮಾತಾಡಿಕೋತ ಹೋದ್ರೋ, ಸುಮ್ಮನ ಹೋದ್ರೋ?" ಏನೂ ಮಾತಾಡಲಿಲ್ಲ ಎಂದೆ. ಮಾನ್ಯರೇ, ತಪ್ಪೊಪ್ಪಿಗೆಯ ಮಾತನ್ನು ಮನುಷ್ಯ ಒಮ್ಮೆ ಮಾತ್ರ ಹೇಳಬಲ್ಲ. ನನ್ನ ಆ ಒಂದು ಸಲ ದಾರಿಯಲ್ಲೇ ಖರ್ಚಾಗಿಹೋಯಿತು.

ಅಂದಿನಿಂದ ಚನ್ನವೀರಮ್ಮನವರು ಗಾಡಿ ಹತ್ತಿಲ್ಲ. ಎಲ್ಲಿಗಾದರೂ ಬಸ್ಸಿನಲ್ಲೇ. "ಬಸ್ಸಿನ್ಯಾಗ ಕಂಡಕ್ಟರಾದರೂ ತಲಿ ಎಣಿಸ್ತಾನ್ರಿ" ಎನ್ನುತ್ತಾರೆ. ಬ್ರೂಸ್‌ಪೇಟೆಯಲ್ಲಿ ನಾನು ತಕ್ಕಡಿ ಎತ್ತಿದರೆ ಸಾಕು, ಕಾಳಿನ ವ್ಯಾಪಾರಿ ಮರಿಬಸಪ್ಪ, "ಸಾಹೇಬ್ರ, ಕಲ್ಲು ತಟ್ಟಿಯೊಳಗ ಐತಿ, ಒಮ್ಮೆ ತಿರುಗಿ ನೋಡ್ರಿ" ಎನ್ನುತ್ತಾನೆ. ಹಳೆಯ ಶಾಕಪ್ಪುಗಳನ್ನೇ ಮರಳಿ ಹಾಕಿಸೋಣವೆಂದು ಓಬಳೇಶನನ್ನು ಕೇಳಿದರೆ, ಒಂದರ ಸ್ಪ್ರಿಂಗು ಮೋಕದ ಹಿಟ್ಟಿನ ಗಿರಣಿಯ ಜರಡಿಗೆ ಹೋಗಿದೆ, ಇನ್ನೊಂದು ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯ ಬಾಗಿಲು ತಾನೇ ಮುಚ್ಚಿಕೊಳ್ಳಲೆಂದು ಹೋಗಿದೆ. ಆ ಅಂಗಡಿಯ ಮುಂದೆ ನಾನು ದಿನಾ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗಿರಾಕಿ ಬಾಗಿಲು ತಳ್ಳಿದಾಗ ಅದು ಕಿರ್ರ್ ಎನ್ನುತ್ತದೆ; ನನ್ನ ಎಡಗಾಲು ತನ್ನಷ್ಟಕ್ಕೆ ಗೇರ್ ಹುಡುಕುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿವೆ. ತಾವು ಬೆಟ್ಟವನ್ನು ಹೊತ್ತರೂ ಕುಗ್ಗದಿರಿ, ಅಭ್ಯಂತರವಿಲ್ಲ. ಆದರೆ ಚನ್ನವೀರಮ್ಮನವರ ಐವತ್ತೆಂಟು ಕಿಲೋಗೆ ಮಾತ್ರ ಮೂರು ಬೆರಳು ಕುಗ್ಗುವ ಕೃಪೆ ಮಾಡಬೇಕು. ಅಕ್ಕಿ ಮೂಟೆ ಇಟ್ಟಾಗ ಮೋಸಹೋಗಿ ಕುಗ್ಗಬಾರದು. ಅವರು ಇಳಿದಾಗ ಉಸ್ ಎನ್ನಬೇಕು; ಗಣಿ ಸಾಹೇಬರ ಮನೆಯಲ್ಲಿ ಬೆಳೆದವರು ಉಸ್ಸೆನ್ನುವುದು ಅಗೌರವವೆಂದು ತಮಗನ್ನಿಸಿದರೆ ಕೊನೆಯಪಕ್ಷ ಕೆಮ್ಮಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ದಾರಿಯಲ್ಲಿ ನಾನು ಆಡಿದ ಮಾತನ್ನು ಕೇಳಿದವರು ಈ ಲೋಕದಲ್ಲಿ ತಾವಿಬ್ಬರೇ. ಗಾಂಧಿನಗರದ ನಮ್ಮ ಮನೆಗೆ ಬಂದು, ಎಡಗಡೆಯವರು ಮೊದಲು, ಬಲಗಡೆಯವರು ಆಮೇಲೆ, ಅವರ ಮುಂದೆ ಸಾಕ್ಷಿ ಹೇಳಬೇಕು.

ತಾವು ಬರುವುದಿಲ್ಲವೆಂದು ನನಗೆ ಗೊತ್ತು. ನನ್ನ ಕೈಬರಹ ಓಬಳೇಶನಿಗೆ ಓದಲು ಬರುವುದಿಲ್ಲವಾದ್ದರಿಂದ ಈ ಪತ್ರವನ್ನು ಟೈಪು ಮಾಡಿಸಬೇಕಾಗಿದೆ. ಬಳ್ಳಾರಿಯಲ್ಲಿ ಟೈಪು ಮಾಡುವವರು ಬಹಳ ಜನ ಇದ್ದಾರೆ. ಆದರೂ ನಾನು ಈ ಕಾಗದದ ಕಟ್ಟನ್ನು ಇಂದು ರಾತ್ರಿ ಚನ್ನವೀರಮ್ಮನವರ ಊಟದ ತಾಟಿನ ಪಕ್ಕದಲ್ಲಿಟ್ಟು, ಶಾಕಪ್ಪಿಗೆ ಒಂದು ಅರ್ಜಿ ಇದೆ, ಪದ್ಮಾಬಾಯಿಯವರ ಮಷೀನಿನಲ್ಲಿ ಬಡಿದುಕೊಡುತ್ತೀಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ನಡೆಯುತ್ತೇನೆ. ಇಷ್ಟು ಹೊತ್ತಿಗೆ ಈ ಸಾಲಿನ ಮೇಲೆ ಬೆರಳಿಟ್ಟವರಿಗೆ ಎಲ್ಲವೂ ತಿಳಿದಿರುತ್ತದೆ. ಪತ್ರದುದ್ದಕ್ಕೂ ಅವರನ್ನು ಬಹುವಚನದಲ್ಲಿ ಕರೆದದ್ದು ನಾಟಕಕ್ಕಲ್ಲ. ಎದುರಿಗೆ ಹೇಳಲಾರದವನು ಶಾಕಪ್ಪಿನ ಮರೆಯಲ್ಲಿ ನಿಂತು ಹೇಳುತ್ತಿದ್ದೇನೆ, ನನಗೆ ನಾಚಿಕೆಯಾಗಿದೆ.

ಅಲುಗದೆ ಕುಗ್ಗದೆ ನಿಂತಿರುವ ತಮ್ಮ ಮೇಲೆ ಕುಳಿತೇ ಇರುವ,
ತಮ್ಮ ವಿಶ್ವಾಸಿ,
ಹಾಲಸಿದ್ದಪ್ಪ

ತಾ. ಕ.: ಇದು ಟೈಪಿಸ್ಟ್ ಸೇರಿಸಿದ್ದು. ಮೇಲಿನ ಪತ್ರದ ಕಾಗುಣಿತ ತಿದ್ದಿದ್ದೇನೆ. ನನ್ನ ತೂಕ ಐವತ್ತನಾಲ್ಕು ಕಿಲೋ, ಅದನ್ನು ತಿದ್ದದೆ ಬಿಟ್ಟಿದ್ದೇನೆ, ಇನ್ಸ್‌ಪೆಕ್ಟರರ ಅಂಗೈ ಎಷ್ಟು ಸರಿಯೆಂದು ಬ್ರೂಸ್‌ಪೇಟೆಯವರಿಗೆ ತಿಳಿಯಲಿ. ಕ್ಷಮೆಯ ವಿಷಯ ಪರಿಶೀಲನೆಯಲ್ಲಿದೆ. ಆ ಹದಿನೈದು ದಿನ ನಾನು ಬಾಗಿಲಲ್ಲಿ ನಿಂತು ಅಂಚೆಯವನ ದಾರಿ ನೋಡಿದ್ದೇನೆ, ಅಷ್ಟು ಬೇಗ ಆಗುವುದಿಲ್ಲ. ಇದೇ ಮಷೀನಿನಲ್ಲಿ ಕೆಲಸಕ್ಕೆ ಇನ್ನೊಂದು ಅರ್ಜಿ ಟೈಪು ಮಾಡಿದ್ದೇನೆ. ಅದನ್ನು ಅಂಚೆಪೆಟ್ಟಿಗೆಗೆ ನಾನೇ ಹಾಕುತ್ತೇನೆ, ಯಾರ ಕೋಟೂ ಬೇಡ. ಶಾಕಪ್ಪುಗಳು ಇದ್ದಲ್ಲೇ ಇರಲಿ, ನನ್ನ ಬೆನ್ನಿಗೆ ಹಿತವಾಗಿವೆ. ಕುಗ್ಗುವ ಅಗತ್ಯವಿಲ್ಲ, ಹೊರಡುವ ಮೊದಲು ಸವಾರರು ತಿರುಗಿ ನೋಡಿದರೆ ಸಾಕು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಹೆಸರನ್ನು ಪ್ರಾಸವಿಲ್ಲದೆ ಇಂದು ಮೊದಲ ಬಾರಿ ನನ್ನ ಬೆರಳು ಹೇಳಿದೆ. ಅವರಿಗೆ ಏನೂ ಆಗಿಲ್ಲ, ಈಗ ತಾನೆ ಕಿಟಕಿಯಲ್ಲಿ ನೋಡಿದೆ, ಟೈಪಿಂಗ್ ಶಾಲೆಯ ಮುಂದೆ ಗಾಡಿಯ ಮೇಲೆ ಕುಳಿತು ಕಾಯುತ್ತಿದ್ದಾರೆ. ಇನ್ನೊಮ್ಮೆ ಎಲ್ಲಿಯಾದರೂ ಬಿಟ್ಟು ಹೊರಟರೆ ಒಡಪು ಕಟ್ಟುತ್ತಾ ನಿಲ್ಲುವುದಿಲ್ಲ. ನಡುಬಜಾರಿನಲ್ಲಿ ನಿಂತು, ಹಾಲಸಿದ್ದಪ್ಪಾ ಎಂದೇ ಕೂಗುತ್ತೇನೆ.